ನೀಲಿ ಮದುವೆ

ಆಗಸ್ಟ್ 24, ಭಾನುವಾರ

ಸನ್ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಬೆವರುತ್ತಿರುವ ಗಣ್ಯರೇ, ಮುಂದಿನ ಸಾಲಿನಲ್ಲಿ ಮೊಬೈಲು ನೋಡುತ್ತ ತಲೆದೂಗುತ್ತಿರುವ ಹಿರಿಯರೇ, ಹಿಂದಿನ ಸಾಲಿನಲ್ಲಿ ಊಟದ ವಾಸನೆ ಹಿಡಿಯುತ್ತಿರುವ ಬಂಧುಗಳೇ! ಯಲಹಂಕ ಹಳೇ ಊರಿನ ‘ಬಿಂಬ ವಿಡಿಯೋ’ದ ಮಾಲೀಕನೂ, ಕನ್ನಡ ಮಾಧ್ಯಮದ ಬಿ.ಎ. ಪದವೀಧರನೂ, ಪ್ರಾಸ ಕಂಡಲ್ಲಿ ಪ್ರಾಣ ಬಿಡುವವನೂ, ನಲವತ್ತಾರು ವರ್ಷದವನೂ ಆದ ಅನಂತರಾಜು ಎಂಬ ನಾನು ಇಂದಿನಿಂದ ದಿನಚರಿ ಬರೆಯಲಿದ್ದೇನೆ. ಉದ್ದೇಶ ಒಂದೇ: ಸತ್ಯವನ್ನು ಇದ್ದದ್ದು ಇದ್ದ ಹಾಗೆ ದಾಖಲಿಸುವುದು. ಈ ಪುಸ್ತಕ ವಿಮೆಯವರು ಜನವರಿಯಲ್ಲಿ ಕೊಟ್ಟದ್ದು. ಎಂಟು ತಿಂಗಳು ಸತ್ಯ ಸಿಗಲಿಲ್ಲವಾಗಿ ಖಾಲಿ ಉಳಿದಿದೆ.

ಇವತ್ತು ಯಶವಂತಪುರದಲ್ಲಿ ನಮ್ಮ ವಿಡಿಯೋದವರ ಸಂಘದ ವಾರ್ಷಿಕೋತ್ಸವ. ಒಂದು ಕಾಲಕ್ಕೆ ನನ್ನ ಜೊತೆ ಕೆಲಸಕ್ಕಿದ್ದ ಅಶ್ವತ್ಥನಿಗೆ ಸನ್ಮಾನ. ಶಾಲು, ಪೇಟ, ಹಣ್ಣಿನ ಬುಟ್ಟಿ. ಬುಟ್ಟಿಯಲ್ಲಿ ಡ್ರ್ಯಾಗನ್ ಫ್ರೂಟ್ ಬೇರೆ. ನಾನೂ ಚಪ್ಪಾಳೆ ತಟ್ಟಿದೆ. ಪಕ್ಕದವರು ನಿಲ್ಲಿಸಿದ ಮೇಲೂ ಎರಡು ಹೆಚ್ಚಿಗೆ ತಟ್ಟಿದೆ, ಹೊಟ್ಟೆಕಿಚ್ಚು ಇಲ್ಲವೆಂದು ನಾಲ್ಕು ಜನಕ್ಕೆ ಗೊತ್ತಾಗಲಿ ಅಂತ.

ಅಶ್ವತ್ಥ ಮೈಕಿನ ಮುಂದೆ ಜೇಬಿನಿಂದ ಒಂದು ಬಿಳಿ ಕಾರ್ಡು ತೆಗೆದು ತೋರಿಸಿದ. “ಇಪ್ಪತ್ತಾರು ವರ್ಷದ ಹಿಂದೆ ಒಂದು ಮದುವೇಲಿ ವೈಟ್ ಬ್ಯಾಲೆನ್ಸ್ ಇಡೋದು ಮರೆತೆ. ಕೆಲಸ ಹೋಯ್ತು. ಆವತ್ತಿಂದ ಈ ಕಾರ್ಡು ಜೇಬಲ್ಲೇ ಇದೆ,” ಅಂದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮರೆತದ್ದಕ್ಕೂ ಚಪ್ಪಾಳೆ ಬೀಳುವ ಅದೃಷ್ಟ ಎಲ್ಲರಿಗೂ ಇರುವುದಿಲ್ಲ.

ಅವನದು ಕೆಂಪಾಪುರದಲ್ಲಿ ಮೂರು ಅಂತಸ್ತಿನ ಸ್ಟುಡಿಯೋ. ಬಸ್ಸಿನಲ್ಲಿ ಬರುವಾಗ ಹೆಬ್ಬಾಳದ ಮೇಲ್ಸೇತುವೆ ಮೇಲೆ ಒಂದು ದ್ವಿಪದಿ ಹೊಳೆಯಿತು:

ಅವನಿಗೆ ಡ್ರೋನು, ನನಗೆ ಫ್ಯಾನು;
ಎರಡೂ ತಿರುಗುತ್ತವೆ, ಏರುವುದು ಅವನು.

ಆಗಸ್ಟ್ 28, ಗುರುವಾರ

ಗಣೇಶ ಕೂತ ಮರುದಿನ ಗಿರಾಕಿ. ತಣಿಸಂದ್ರದ ಮಾಲಾ ಎಂಬಾಕೆ. ಐವತ್ತರ ಹತ್ತಿರದ ಹೆಂಗಸು. ಸೆರಗಿನ ಒಳಗಿಂದ ಪ್ಲಾಸ್ಟಿಕ್ ಚೀಲ, ಚೀಲದ ಒಳಗಿಂದ ಟವೆಲ್ಲು, ಟವೆಲ್ಲಿನ ಒಳಗಿಂದ ಒಂದು ವಿಎಚ್‌ಎಸ್ ಕ್ಯಾಸೆಟ್ ತೆಗೆದರು.

“ನನ್ ಮದುವೇದು. ತೊಂಬತ್ತೊಂಬತ್ತು, ಮೇ. ಇದರಲ್ಲಿ ನಮ್ಮಮ್ಮ ಅವ್ರೆ. ಮಾರಕ್ಕ ಅಂತ. ಮದುವೆಯಾಗಿ ಮೂರೇ ತಿಂಗಳಿಗೆ ತೀರ್ಕೊಂಡ್ರು. ಓಡಾಡೋ ಅಮ್ಮ ಅಂತ ಇರೋದು ಇದೊಂದರಲ್ಲೇ. ಮಾಲಯ ಅಮಾಸೆ ಒಳಗೆ ಟಿವೀಲಿ ಬರಂಗೆ ಮಾಡ್ಕೊಡ್ತೀರಾ?”

“ಮಾಡೋಣ ಅಮ್ಮ. ನನ್ನ ಅಂಗಡಿ ಹೇಗೆ ಗೊತ್ತಾಯ್ತು?”

“ಕೆಂಪಾಪುರದ ಅಶ್ವತ್ಥ್ ಅವ್ರು ಏಳಿದ್ರು. ಅಳೇ ಕ್ಯಾಸೆಟ್ಟು ಅಂದ್ರೆ ಯಲಹಂಕದ ಅನಂತನೇ, ಬಣ್ಣದ ವಿಷಯದಲ್ಲಿ ಅವನಷ್ಟು ಕಣ್ಣು ಯಾರಿಗೂ ಇಲ್ಲ ಅಂದ್ರು.”

ಮೂರು ಅಂತಸ್ತಿನ ಮೇಲಿಂದ ಬಿದ್ದ ಹೂವು. ತಲೆಗೆ ಬಿದ್ದರೂ ನೋಯಲಿಲ್ಲ ಎಂದು ನಗಬೇಕು. ನಕ್ಕೆ.

ಅವರು ಹೋದ ಮೇಲೆ ಕ್ಯಾಸೆಟ್ಟಿನ ಮೇಲಿನ ಚೀಟಿ ಓದಿದೆ. ‘ಚಿಕ್ಕಮಾರಯ್ಯನವರ ಮಗಳ ಮದುವೆ.’ ಅಕ್ಷರ ನಮ್ಮ ನರಸಿಂಹಯ್ಯ ಸರ್ ಅವರದು. ಅಂದರೆ ಇದು ಅದೇ ಮದುವೆ.

ಆಗಸ್ಟ್ 29, ಶುಕ್ರವಾರ

ಸಭಿಕರಿಗೆ ಹಿನ್ನೆಲೆ ತಿಳಿಸುವುದು ನನ್ನ ಕರ್ತವ್ಯ.

ನರಸಿಂಹಯ್ಯ ಸರ್ ಈ ಅಂಗಡಿಯ ಮೊದಲ ಮಾಲೀಕರು. ಅವರ ಕೈಕೆಳಗೆ ನಾನು ಎರಡು ವರ್ಷದಿಂದ ಇದ್ದೆ. ಅಶ್ವತ್ಥ ಬಂದು ಆರು ತಿಂಗಳಾಗಿತ್ತು. ಆ ಮದುವೆಯ ಬೆಳಿಗ್ಗೆ ಸರ್ ಹೊಸ ಕ್ಯಾಮೆರಾವನ್ನು ಪೆಟ್ಟಿಗೆಯಿಂದ ತೆಗೆದು, ನನ್ನ ಮುಂದೆ ಹಾಯಿಸಿಕೊಂಡು ಹೋಗಿ ಅಶ್ವತ್ಥನ ಹೆಗಲಿಗೆ ಇಟ್ಟರು. ನನಗೆ ಹೇಳಿದರು, “ಅನಂತ, ನೀನು ಲೈಟ್ ಹಿಡಿ. ನಿನ್ನ ಕೈ ನಡುಗಲ್ಲ.” ಕೈ ನಡುಗದವನಿಗೆ ಲೈಟು, ನಡುಗುವವನಿಗೆ ಕ್ಯಾಮೆರಾ. ಇದಾವ ನ್ಯಾಯ?

ನಾನು ಲೈಟ್ ಹಿಡಿದೆ. ಅಷ್ಟೇ.

ವಿಡಿಯೋ ಇಡೀ ನೀಲಿ ಬಂತು. ಎಡಿಟ್ ಮಾಡಿ ಕೊಡುವ ಮುಖವೂ ನಮಗೆ ಉಳಿಯಲಿಲ್ಲ. ಸರ್ ತೆಗೆದ ಟೇಪನ್ನು ತೆಗೆದ ಹಾಗೇ ಮದುವೆಮನೆಯವರ ಕೈಗಿಟ್ಟು ಕೈ ಮುಗಿದರು. ಅಶ್ವತ್ಥನನ್ನು ಕಳಿಸಿದರು. ಕ್ಯಾಮೆರಾ ನನಗೆ ಬಂತು, ಹತ್ತು ವರ್ಷದ ಮೇಲೆ ಅಂಗಡಿಯೂ ಬಂತು. ಇದೇ ಹಿನ್ನೆಲೆ. ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ.

ಕ್ಯಾಸೆಟ್ ಬಿಚ್ಚಿದೆ. ಟೇಪಿನ ಅಂಚಿಗೆಲ್ಲ ಬಿಳಿ ಬೂಷ್ಟು. ಒಂದೊಂದು ಸಲ ಓಡಿಸಿದಾಗಲೂ ಚಿತ್ರ ಉದುರುತ್ತದೆ. ಹೆಚ್ಚೆಂದರೆ ಮೂರು ಓಟ.

ಕ್ಯಾಸೆಟ್ಟಿಗೆ ಹಿಡಿದಿದೆ ಬೆರಳಷ್ಟು ಬೂಷ್ಟು,
ಮನಸ್ಸಿಗೆ ಹಿಡಿದದ್ದು ಯಾರಿಗೊತ್ತು ಎಷ್ಟು?

(ಎರಡನೇ ಸಾಲು ಪ್ರಾಸಕ್ಕಾಗಿ ಬಂದದ್ದು. ಅರ್ಥ ಹುಡುಕಬಾರದು.)

ಸೆಪ್ಟೆಂಬರ್ 2, ಮಂಗಳವಾರ

ಮೂರು ದಿನ ಒರೆಸಿದ ಮೇಲೆ ಇವತ್ತು ಮೊದಲ ಓಟ. ಮೊದಲಿನ ನಾಲ್ಕು ನಿಮಿಷ, ಕೊನೆಯ ಊಟದ ಪಂಕ್ತಿಯದೊಂದು ತುಣುಕು, ಅಷ್ಟೇ, ಪರೀಕ್ಷೆಗೆ. ಕಂಪ್ಯೂಟರಿಗೆ ಹಿಡಿದುಕೊಂಡೆ.

ಆಹಾ! ನೀಲಿ! ಕಣ್ತುಂಬ ನೀಲಿ! ನೆನಪಿಗಿಂತ ಹೆಚ್ಚು ನೀಲಿ! ವಾಲಗದವರು ನೀಲಿ, ಬಾಳೆಕಂದು ನೀಲಿ, ಪುರೋಹಿತರ ಹೊಟ್ಟೆ ನೀಲಿ. ಮೂರು ಅಂತಸ್ತಿನ ಕಲಾವಿದರ ಮೊದಲ ಕೃತಿ.

ನೀಲಿ ನೀಲಿ ಬೀಗರು, ನೀಲಿ ಅನ್ನ ಸಾರು,
ಇಂಥ ಮದುವೆ ತೆಗೆದವರು ಯಾರು ಯಾರು ಯಾರು!

ಬಹಳ ದಿನದ ಮೇಲೆ ಊಟ ರುಚಿಸಿತು. ಹೆಂಡತಿ ಶಾಂತಲಾ ಕೇಳಿದಳು, “ಏನ್ರೀ, ಲಾಟರಿ ಹೊಡೀತಾ?”

ತಾಂತ್ರಿಕ ಟಿಪ್ಪಣಿ: ಕ್ಯಾಮೆರಾಕ್ಕೆ ತಾನಾಗಿ ಬಣ್ಣ ಗೊತ್ತಿಲ್ಲ. ಶುರುವಿಗೆ ಬಿಳಿಯದನ್ನೇನಾದರೂ ಅದರ ಮುಂದೆ ಹಿಡಿದು ಗುಂಡಿ ಒತ್ತಿ, ‘ಇದೇ ಬಿಳಿ, ತಿಳ್ಕೋ’ ಎನ್ನಬೇಕು. ವೈಟ್ ಬ್ಯಾಲೆನ್ಸ್ ಅನ್ನುವುದು ಇದಕ್ಕೇ. ಮಿಕ್ಕ ಬಣ್ಣಗಳನ್ನೆಲ್ಲ ಅದು ಆ ಬಿಳಿಯಿಂದ ಅಳೆಯುತ್ತದೆ. ಮದುವೆಮನೆಯಲ್ಲಿ ಬಿಳಿ ಹಾಳೆ ಹುಡುಕುವವರು ಯಾರು? ಯಾರದಾದರೂ ಪಂಚೆ ಇದ್ದೇ ಇರುತ್ತಿತ್ತು. ಲೈಟ್ ಹಿಡಿಯುವವನು ಪಂಚೆ ಬಿಡಿಸಿ ಹಿಡಿಯಬೇಕು, ಕ್ಯಾಮೆರಾದವನು ಗುಂಡಿ ಒತ್ತಬೇಕು. ಅಶ್ವತ್ಥನಿಗೆ ಇನ್ನೊಂದು ಚಾಳಿ: ಒತ್ತಿದ ಮೇಲೆ ಆ ಪಂಚೆಯನ್ನು ಐದು ಸೆಕೆಂಡು ರೆಕಾರ್ಡೂ ಮಾಡುತ್ತಿದ್ದ.

ಈ ಟೇಪಿನ ಮೊದಲಲ್ಲೂ ಅದು ಇದೆ. ಐದು ಸೆಕೆಂಡು ಪಂಚೆ. ಅಚ್ಚ ಬಿಳಿ. ಎರಡು ಪಕ್ಕದಲ್ಲಿ ಎರಡು ಹೆಬ್ಬೆರಳು, ಎಡಗಡೆಯದರ ಉಗುರು ಸೀಳಿದೆ. ಅದರಿಂದೇನೂ ತಿಳಿಯುವುದಿಲ್ಲ.

ಸೆಪ್ಟೆಂಬರ್ 3, ಬುಧವಾರ

ಸಂಘದ ವಾಟ್ಸಾಪ್ ಗುಂಪಿಗೆ ಊಟದ ಪಂಕ್ತಿಯ ಇಪ್ಪತ್ತು ಸೆಕೆಂಡು ಹಾಕಿದೆ. ಗಿರಾಕಿಯ ಮನೆಯವರ ಮುಖ ಬಾರದ ಹಾಗೆ ಆರಿಸಿದ್ದು. ನನಗೂ ವೃತ್ತಿಧರ್ಮ ಇದೆ. ಶೀರ್ಷಿಕೆ: ‘ಸನ್ಮಾನಿತರ ಆರಂಭದ ಕಲಾಕೃತಿ.’ ಮೊದಲಿನ ಐದು ಸೆಕೆಂಡು ಅನವಶ್ಯಕವಾದ್ದರಿಂದ ಹಾಕಲಿಲ್ಲ.

ಹತ್ತು ನಿಮಿಷದಲ್ಲಿ ನಲವತ್ತು ನಗುವ ಮುಖ. ಹೇಮಂತ ಎನ್ನುವವನು ಬರೆದ, “ಗುರು, ಇದು ಮದುವೆನಾ, ಮೀನಿನ ತೊಟ್ಟಿನಾ?” ನಾನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದೆ.

ಹನ್ನೊಂದನೇ ನಿಮಿಷಕ್ಕೆ ಅಶ್ವತ್ಥನ ಉತ್ತರ: “ಹೌದು ಮಗಾ, ನಂದೇ. ವೈಟ್ ಇಡೋದು ಮರೆತಿದ್ದೆ. ಹೊಸಬರು ನೋಡಿ ಕಲೀರಿ. ಅನಂತ, ಇದನ್ನ ಹುಡುಕಿ ಹಾಕಿದ್ದಕ್ಕೆ ಥ್ಯಾಂಕ್ಸ್ ಕಣೋ.”

ಆಮೇಲೆ ಶುರುವಾಯಿತು. ‘ದೊಡ್ಡತನ’, ‘ಸರಳತೆ’, ‘ತಪ್ಪು ಒಪ್ಪಿಕೊಳ್ಳೋಕೂ ಎದೆ ಬೇಕು.’ ನೂರ ಹನ್ನೆರಡು ಕೈಮುಗಿತ. ನನ್ನ ಬಾಣ ನನ್ನ ಬೆನ್ನಿಗೇ ಬಂತು, ಶಾಲು ಹೊದ್ದುಕೊಂಡು.

ಸೆಪ್ಟೆಂಬರ್ 4, ಗುರುವಾರ

ತಲೆನೋವು.

ಸೆಪ್ಟೆಂಬರ್ 6, ಶನಿವಾರ

ಮಾಲಾ ಅವರು ತಂದೆಯನ್ನು ಕರೆದುಕೊಂಡು ಬಂದಿದ್ದರು. ಚಿಕ್ಕಮಾರಯ್ಯನವರಿಗೆ ಎಂಬತ್ತೆರಡು. ಅವರ ಸೊಪ್ಪಿನ ಹೊಲದ ಮೇಲೆ ಈಗ ಹದಿನಾಲ್ಕು ಮಹಡಿ ಅಪಾರ್ಟ್‌ಮೆಂಟು ನಿಂತಿದೆ. ಇವರು ಮಾತ್ರ ಇನ್ನೂ ಸೊಪ್ಪಿನ ಕಟ್ಟು ಕಟ್ಟುವ ಹಾಗೆ ಬೆರಳು ಆಡಿಸುತ್ತಾರೆ.

ಹಿಡಿದಿಟ್ಟ ನಾಲ್ಕು ನಿಮಿಷ ತೋರಿಸಿದೆ. ಮಾರಕ್ಕ ಮೂರನೇ ನಿಮಿಷದಲ್ಲಿ ಬರುತ್ತಾರೆ, ಕಳಶದ ತಟ್ಟೆ ಹಿಡಿದು. ಮುದುಕರು ಮುಖ ತಿರುಗಿಸಿದರು.

“ನಿಲ್ಸಪ್ಪ. ಇದು ನಾ ನೋಡಕಿಲ್ಲ. ಆವತ್ತೂ ನೋಡ್ನಿಲ್ಲ.”

ಮಾಲಾ ಹೇಳಿದರು, “ಕ್ಯಾಸೆಟ್ ಬಂದಾಗ ಮನೇಲೆಲ್ಲ ಕೂತು ಆಕಿದ್ವಿ. ಅಮ್ಮ ಎಣದಂಗೆ ಕಾಣ್ತಿದ್ರು. ತುಟಿ ನೀಲಿ, ಕೈ ನೀಲಿ. ನಮ್ಮತ್ತೆ ಕಡೆಯೋರು ಅಪಶಕುನ ಅಂದ್ರು. ಅಮ್ಮ ನಕ್ಕೊಂಡೇ, ನಾನೇನು ಆಗ್ಲೇ ಸತ್ತೋದ್ನಾ ಅಂದ್ರು. ಮೂರು ತಿಂಗಳಿಗೆ ಅಂಗೇ ಆಯ್ತಲ್ಲ. ಆಮೇಲೆ ಯಾರೂ ಆಕಲಿಲ್ಲ. ನಾನು ಕದ್ದು ಒಂದ್ಸಲ ಆಕ್ಕೊಂಡು ಸೀರೆ ಬಣ್ಣ ನೋಡ್ಕಂಡೆ. ನೇರಳೆ. ವರ್ಷಾ ವರ್ಷಾ ಮಾಲಯ ಅಮಾಸೆ ಎಡೆಗೆ ಅಮ್ಮಂಗೆ ನೇರಳೆ ಸೀರೆನೇ ಇಡೋದು.”

“ನಿಮಗೆ ಸೀರೆ ನೆನಪಿದೆಯಾ ಯಜಮಾನ್ರೇ?” ಎಂದು ಮುದುಕರನ್ನು ಕೇಳಿದೆ.

“ಸೀರೆ ಯಾವನ್ ನೋಡ್ತಾನೆ? ಮುಖ ನೆನಪದೆ. ರಾಗಿ ರೊಟ್ಟಿ ಕಾದ್ ಮ್ಯಾಲೆ ಅಂಚು ಕೆಂಪಾಯ್ತದಲ್ಲ, ಅಂಗಿತ್ತು. ಆ ಬಣ್ಣ ನಿನ್ ಪೆಟ್ಗೇಲಿ ಅದಾ?”

“ನೋಡೋಣ” ಅಂದೆ.

ಹೋಗುವಾಗ ಮಾಲಾ ಬಾಗಿಲಲ್ಲಿ ಕೇಳಿದರು, “ಯಾರ್ ತಪ್ಪಿಂದ ಇಂಗಾಯ್ತು ಅಣ್ಣ?” ನಾನು ‘ಅಶ್ವತ್ಥ’ ಎಂದು ಹೇಳಬಹುದಿತ್ತು. ಎಂಥ ಅವಕಾಶ! ಬಾಯಿಗೆ ಬಂದದ್ದು, “ಹಳೇ ಕಾಲದ ಮೆಷಿನ್ನು ಅಮ್ಮ.”

ಯಾಕೆ ಹಾಗಂದೆನೋ. ಬಿಸಿಲಿತ್ತು.

ಸೆಪ್ಟೆಂಬರ್ 9, ಮಂಗಳವಾರ

ಬಣ್ಣದ ಜೊತೆ ಕುಸ್ತಿ. ಟೇಪನ್ನು ಕಂಪ್ಯೂಟರಿಗೆ ಹಿಡಿಯುವ ಕ್ಯಾಪ್ಚರ್ ಸಾಫ್ಟ್‌ವೇರಿನಲ್ಲಿ ಅತ್ತಿತ್ತ ಜರುಗಿಸುವ ನಾಲ್ಕು ಕಡ್ಡಿಗಳು: ಬೆಳಕು, ಕಾಂಟ್ರಾಸ್ಟ್, ಬಣ್ಣದ ಗಾಢತೆ, ಬಣ್ಣದ ತಿರುವು. ಜೊತೆಗೆ ಸರ್ ಕಾಲದ ಕಲರ್ ಕರೆಕ್ಟರ್ ಪೆಟ್ಟಿಗೆ, ಅದಕ್ಕೊಂದು ಕೆಂಪು ತಿರುಪು, ಒಂದು ನೀಲಿ ತಿರುಪು. ಟೇಪು ಓಡುವಾಗಲೇ ಇವನ್ನೆಲ್ಲ ಹದಕ್ಕೆ ತರಬೇಕು. ನೀಲಿಯನ್ನು ಹಾಗೇ ಒಳಕ್ಕೆ ಬಿಟ್ಟುಕೊಂಡರೆ ಆಮೇಲೆ ಎಷ್ಟು ತೊಳೆದರೂ ಮುಖದ ಮೇಲೆ ಕಲೆ ಉಳಿಯುತ್ತದೆ.

ಹಿಡಿದಿಟ್ಟ ನಾಲ್ಕು ನಿಮಿಷವನ್ನೇ ಇಟ್ಟುಕೊಂಡು ಅಭ್ಯಾಸ ಮಾಡಿದೆ. ಪಂಚೆಯನ್ನು ಬಿಳಿ ಇಟ್ಟರೆ ಮುಖ ನೀಲಿ. ಮುಖಕ್ಕೆ ಜೀವ ಬಂದರೆ ಪಂಚೆ ಕೆಡುತ್ತದೆ. ನಿಯಮದ ಪ್ರಕಾರ ಬಿಳಿ ಬಿಳಿಯಾಗಿಯೇ ಇರಬೇಕು. ನಾನು ನಿಯಮ ಬಿಡಲಿಲ್ಲ.

ಶಾಂತಲಾ ಪಕ್ಕದ ಮಳಿಗೆಯಲ್ಲಿ ಬ್ಲೌಸ್ ಪೀಸಿನ ಮ್ಯಾಚಿಂಗ್ ಸೆಂಟರ್ ಇಟ್ಟಿದ್ದಾಳೆ. ಮುನ್ನೂರು ಬಣ್ಣಕ್ಕೆ ಮುನ್ನೂರು ಹೆಸರು ಗೊತ್ತು. ಟೀ ಕೊಡಲು ಬಂದವಳು ಪರದೆ ನೋಡಿ ನಿಂತಳು.

“ಆ ಬಿಳಿ ಬಿಳಿಯಲ್ಲ ಕಣ್ರೀ.”

“ಕಣ್ಣಿಗೆ ಕಾಣ್ತಿದೆಯಲ್ಲ, ಅಚ್ಚ ಬಿಳಿ.”

“ನಮ್ಮಂಗಡೀಲೂ ಟ್ಯೂಬ್‌ಲೈಟ್ ಕೆಳಗೆ ಎಷ್ಟೋ ಬಿಳಿ ಕಾಣ್ತವೆ. ಬಿಸಿಲಿಗೆ ಒಯ್ದರೆ ಬೆಣ್ಣೆ ಬಣ್ಣ. ಮುಖ ಸರಿ ಮಾಡಿ, ಪಂಚೆ ಏನಾಗುತ್ತೆ ನೋಡೋಣ.”

ಮಾಡಿದೆ. ಪಂಚೆ ಹಳದಿಯಾಯಿತು.

“ನೋಡಿದ್ರಾ? ಪಂಚೆನೇ ಹಳದಿ ಇದ್ದಿರಬೇಕು. ಅರಿಶಿನ ನೀರಲ್ಲಿ ಅದ್ದಿರ್ತಾರಲ್ಲ ಶಾಸ್ತ್ರಕ್ಕೆ, ಅಂಥದ್ದು. ಹಳದಿ ತೋರಿಸಿ ಇದೇ ಬಿಳಿ ಅಂದ್ರೆ, ನಿಮ್ಮ ಕ್ಯಾಮೆರಾ ಎಲ್ಲದರಿಂದಲೂ ಹಳದಿ ಕಿತ್ತು ನೀಲಿ ಮಾಡುತ್ತೆ, ಅಷ್ಟೇ ತಾನೇ?”

“ಬಿಳಿ ತೋರಿಸೋ ಹೊತ್ತಲ್ಲಿ ಯಾರಾದ್ರೂ ಹಳದಿ ಹಿಡೀತಾರೇನೇ?”

“ಯಾರೋ ದಡ್ಡ ಹಿಡಿದಿರಬೇಕು.”

“ನಿನ್ನ ಅಂಗಡಿ ನೋಡ್ಕೋ ಹೋಗು” ಅಂದೆ. ಸ್ವಲ್ಪ ಜೋರಾಗಿಯೇ ಅಂದೆ. ಟೀ ಅಲ್ಲೇ ಇಟ್ಟು ಹೋದಳು.

ದಡ್ಡ ಅಂದದ್ದು ಯಾಕೋ ಚುಚ್ಚಿತು. ಬೇರೆಯವರನ್ನು ಅಂದರೆ ನನಗೇನು?

ಸೆಪ್ಟೆಂಬರ್ 11, ಗುರುವಾರ

ಅಶ್ವತ್ಥ ಅಂಗಡಿಗೆ ಬಂದಿದ್ದ. ಹೇಳದೆ ಕೇಳದೆ, ಸ್ಕೂಟರಿನಲ್ಲಿ. ಕಾರು ಸರ್ವೀಸಿಗೆ ಬಿಟ್ಟಿದ್ದನಂತೆ. ಅಂದರೆ ಕಾರಿದೆ ಎಂದು ಹೇಳಿದ ಹಾಗಾಯಿತು.

“ಅನಂತ, ಏನ್ ಸಮಾಚಾರ? ಆ ಟೇಪ್ ತೋರಿಸೋ. ಇಪ್ಪತ್ತಾರು ವರ್ಷ ಆಯ್ತು, ಒಂದ್ಸಲನೂ ನೋಡಿಲ್ಲ. ಸರ್ ಬೈದು ಕಳಿಸಿದರಲ್ಲ, ನೋಡೋಕೂ ಬಿಡಲಿಲ್ಲ.”

ಊಟದ ಪಂಕ್ತಿಯಿಂದ ಹಾಕಿದೆ. ಶಾಂತಲಾ ಬಂದವಳು, “ಮೊದಲಿಂದ ಹಾಕಿ, ಅಣ್ಣನಿಗೆ ಆ ಪಂಚೆ ತೋರಿಸಿ” ಅಂದಳು. ಇವಳಿಗೆ ಗಿರಾಕಿಗಳೇ ಇರುವುದಿಲ್ಲವೇ?

ಐದು ಸೆಕೆಂಡು ಪಂಚೆ ಬಂತು. ಅಶ್ವತ್ಥ ಎದ್ದು ನಿಂತ.

“ನಿಲ್ಸು. ಹಿಂದಕ್ಕೆ ಹೋಗು. ಇನ್ನೊಂದ್ಸಲ.” ಐದು ಸಲ ನೋಡಿದ. ಆರನೇ ಸಲಕ್ಕೆ ಕೂತ. “ನಾನು ಮರೆತಿರಲಿಲ್ಲ ಕಣೋ. ಇಟ್ಟಿದ್ದೆ. ವೈಟ್ ಇಟ್ಟಿದ್ದೆ. ಇಷ್ಟು ವರ್ಷ ಎಲ್ಲರ ಮುಂದೆ ಮರೆತೆ ಮರೆತೆ ಅಂತ ಹೇಳ್ಕೊಂಡು ಬಂದೆ. ನನಗೇ ನಂಬಿಕೆ ಬಂದುಬಿಟ್ಟಿತ್ತು.”

ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದ. ಶಾಂತಲಾ ನೀರು ತಂದಳು.

“ಮತ್ತೆ ಹ್ಯಾಗೆ ನೀಲಿ ಬಂತು?” ಅಂದ.

“ಪಂಚೆ ಹಳದಿ ಇತ್ತೇನೋ ಅಣ್ಣ,” ಎಂದಳು ಶಾಂತಲಾ.

“ಇರಬಹುದಮ್ಮ. ಆ ಕ್ಯಾಮೆರಾದ ಕಿಂಡೀಲಿ ಕಣ್ಣಿಟ್ರೆ ಕಪ್ಪು ಬಿಳುಪೇ ಕಾಣ್ತಿದ್ದದ್ದು. ತಿಳಿ ಹಳದಿ ಹಿಡಿದ್ರೂ ಬಿಳಿ ಅನ್ಸುತ್ತೆ. ಹೊರಗೆ ಬೆಳಕೂ ಹರಿದಿರಲಿಲ್ಲ, ಹ್ಯಾಲೋಜನ್ ಲೈಟು ಬೇರೆ.” ಆಮೇಲೆ ಪರದೆಯ ಹತ್ತಿರ ಬಗ್ಗಿದ. “ಆವತ್ತು ಪಂಚೆ ಹಿಡಿದಿದ್ದು ಯಾರೋ?”

“ನೆನಪಿಲ್ಲ,” ಅಂದೆ. “ನಾನು ಲೈಟ್ ಹತ್ರ ಇದ್ದೆ. ಮದುವೆಮನೆಯವರು ಯಾರೋ ಇರಬೇಕು.”

ಎಡಗೈ ಪ್ಯಾಂಟಿನ ಜೇಬಿನಲ್ಲಿತ್ತು. ಹಾಗೇ ಇಟ್ಟುಕೊಂಡಿದ್ದೆ, ಅಭ್ಯಾಸ.

“ಇರಲಿ ಬಿಡು. ನಾನು ಮರೆತಿರಲಿಲ್ಲ, ಅಷ್ಟು ಗೊತ್ತಾಯ್ತಲ್ಲ. ಸಾಕು.” ಹೋಗುವಾಗ ಬಾಗಿಲಲ್ಲಿ ಚಿಕ್ಕ ಹುಡುಗನ ಹಾಗೆ ಇನ್ನೊಂದು ಸಲ ಅಂದ, “ಮರೆತಿರಲಿಲ್ಲ ಕಣೋ!”

ಅಷ್ಟಕ್ಕೇ ಅಷ್ಟು ಖುಷಿ. ಈ ಮನುಷ್ಯನಿಗೆ ಅಸೂಯೆ ಪಡುವುದು ಕೂಡ ಕಷ್ಟದ ಕೆಲಸ. ಆದರೂ ಬಿಡದೆ ಮಾಡುತ್ತಿದ್ದೇನೆ.

ಸೆಪ್ಟೆಂಬರ್ 14, ಭಾನುವಾರ

ಎರಡನೇ ಓಟ. ನಿಯಮದ ಪ್ರಕಾರ ಪಂಚೆಯನ್ನು ಬಿಳಿಯಾಗಿಯೇ ಇಟ್ಟು ಇಡೀ ಮದುವೆ ಹಿಡಿದೆ. ಇಡೀ ಮದುವೆ ನೀಲಿ. ಸಮಾಧಾನವಾಗಬೇಕಿತ್ತು.

ಟೇಪಿನಿಂದ ಕಂದು ಪುಡಿ ಉದುರಿತು. ಇನ್ನು ಒಂದೇ ಓಟ.

ಪ್ರಾಸ ಯಾವುದೂ ಬರುತ್ತಿಲ್ಲ.

ಸೆಪ್ಟೆಂಬರ್ 16, ಮಂಗಳವಾರ

ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ಹಾಕಿಕೊಂಡು ಕೊನೆಯ ಓಟ ಓಡಿಸಿದೆ. ಪಂಚೆ ಬಂದ ಕೂಡಲೇ ನಿಲ್ಲಿಸಿ, ನೀಲಿ ತಿರುಪು ಇಳಿಸುತ್ತ ಹೋದೆ. ಪಂಚೆ ಬೆಣ್ಣೆಯಾಯಿತು, ನಿಂಬೆಯಾಯಿತು. ಎಲ್ಲಿ ನಿಲ್ಲಿಸಬೇಕೆಂದು ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಯಿತು. ಒಣಗಿಯೂ ಒಣಗದ ಅರಿಶಿನದ ಬಣ್ಣ. ಕೆಂಪು ಒಂದು ಗೆರೆ ಏರಿಸಿದೆ. ಗಾಢತೆ ಸ್ವಲ್ಪ ತಗ್ಗಿಸಿದೆ. ಆಮೇಲೆ ಟೇಪು ಬಿಟ್ಟೆ.

ಬಾಳೆಲೆ ಹಸಿರಾಯಿತು. ಪುರೋಹಿತರು ಮನುಷ್ಯರಾದರು. ಮೂರನೇ ನಿಮಿಷಕ್ಕೆ ಮಾರಕ್ಕ ಬಂದರು. ಸೀರೆ ನೇರಳೆಯಲ್ಲ, ಈರುಳ್ಳಿ ಸಿಪ್ಪೆಯ ಬಣ್ಣ. ಮುಖ ಮುದುಕರು ಹೇಳಿದ ಹಾಗೇ ಇತ್ತು.

ಒಂದು ಮಾತು ಬರೆಯಬೇಕು. ಧಾರೆಯ ಹೊತ್ತಿಗೆ ಎಲ್ಲ ಕ್ಯಾಮೆರಾದವರೂ ಮಂಟಪ ತೆಗೆಯುತ್ತಾರೆ. ಅಶ್ವತ್ಥ ಮಂಟಪ ತೆಗೆದು, ಆಮೇಲೆ ಮೆಲ್ಲಗೆ ಪಕ್ಕಕ್ಕೆ ತಿರುಗಿದ್ದಾನೆ. ಕಂಬದ ಪಕ್ಕದಲ್ಲಿ ಮಾರಕ್ಕ ಒಬ್ಬರೇ, ಕೈಯಲ್ಲಿ ಖಾಲಿ ಅಕ್ಷತೆ ತಟ್ಟೆ, ಮಗಳನ್ನು ನೋಡುತ್ತ, ಯಾರೂ ತನ್ನನ್ನು ನೋಡುತ್ತಿಲ್ಲವೆಂದುಕೊಂಡು ತುಟಿ ಅಲ್ಲಾಡಿಸುತ್ತಿದ್ದಾರೆ. ಏನೋ ಹೇಳಿಕೊಳ್ಳುತ್ತಿದ್ದಾರೆ. ಹನ್ನೆರಡು ಸೆಕೆಂಡು ಹಿಡಿದಿದ್ದಾನೆ. ಕ್ಯಾಮೆರಾ ಅಲ್ಲಾಡಿಲ್ಲ. ನಾನಾಗಿದ್ದರೆ ಮಂಟಪವನ್ನೇ ಹಿಡಿದುಕೊಂಡು ನಿಂತಿರುತ್ತಿದ್ದೆ. ಸರ್ ಅವನಿಗೆ ಕ್ಯಾಮೆರಾ ಕೊಟ್ಟದ್ದು ಸರಿಯಾಗಿತ್ತು.

ಮೇಲಿನ ವಾಕ್ಯ ಹೇಗೆ ಬಂತೋ ಗೊತ್ತಿಲ್ಲ. ಪೆನ್ನಿನಲ್ಲಿ ಬರೆದದ್ದು, ಅಳಿಸಲಾಗುವುದಿಲ್ಲ.

ಕೊನೆಯ ಸುತ್ತಿಗೆ ಟೇಪು ಪ್ಲೇಯರಿನ ಹೆಡ್ಡಿಗೆ ಅಂಟಿಕೊಂಡು ಹರಿಯಿತು. ಹಿಡಿಯಬೇಕಾದದ್ದನ್ನು ಹಿಡಿದಾಗಿತ್ತು.

ಸೆಪ್ಟೆಂಬರ್ 21, ಭಾನುವಾರ, ಮಹಾಲಯ ಅಮಾವಾಸ್ಯೆ

ತಣಿಸಂದ್ರಕ್ಕೆ ಹೋಗಿದ್ದೆವು, ಶಾಂತಲಾನೂ ನಾನೂ. ಗೋಡೆಯಷ್ಟು ದೊಡ್ಡ ಟಿವಿ. ಅದರ ಪಕ್ಕದಲ್ಲೇ ಎಡೆ ಇಟ್ಟಿದ್ದರು: ಬಾಳೆಲೆ, ಹೋಳಿಗೆ, ಮುದ್ದೆ, ಸಾರು, ಮಡಿಸಿಟ್ಟ ಹೊಸ ನೇರಳೆ ಸೀರೆ.

ಪೆನ್‌ಡ್ರೈವ್ ಹಾಕಿದೆ. ಮಾರಕ್ಕ ಬಂದರು. ಮನೆಯಲ್ಲಿ ಮಿಕ್ಸಿ ಕೂಡ ನಿಂತಿತು.

ಚಿಕ್ಕಮಾರಯ್ಯ ಕುರ್ಚಿಯಿಂದ ಎದ್ದು ಟಿವಿಯ ಹತ್ತಿರ ಹೋದರು. ಮುಟ್ಟಲಿಲ್ಲ. “ಈಗ್ ಬಂದ್ಳು ನೋಡು,” ಅಂದರು.

ಮಾಲಾ ಒಮ್ಮೆ ಟಿವಿ ನೋಡಿದರು, ಒಮ್ಮೆ ಎಡೆಯ ಸೀರೆ ನೋಡಿದರು. “ಅಯ್ಯೋ, ಈರುಳ್ಳಿ ಸಿಪ್ಪೆ! ಇಪ್ಪತ್ತೈದು ವರ್ಷ ತಪ್ಪು ಸೀರೆ ಇಟ್ಟೆನಲ್ಲಪ್ಪಾ.”

“ಉಟ್ಕಂಡಿರ್ತಾಳೆ ಬುಡು. ಅವ್ಳು ಯಾವತ್ತು ಬಣ್ಣ ಕೇಳಿ ಉಟ್ಟವಳೇ?” ಅಂದರು ಮುದುಕರು. ಎಲ್ಲರೂ ಅಳುತ್ತಲೇ ನಕ್ಕರು. ಆಮೇಲೆ ನನ್ನ ಕೈ ಹಿಡಿದುಕೊಂಡರು. “ಆವತ್ತು ಯಾವನೋ ಅವ್ಳನ್ನ ಬದುಕಿದ್ದಂಗೇ ಎಣ ಮಾಡ್ಬುಟ್ಟ. ನೀನು ಸತ್ತವಳ್ಗೆ ಬಣ್ಣ ಕೊಟ್ಟೆ ಕಣಪ್ಪ. ನಿನ್ ಕೈ ತಣ್ಣಗಿರ್ಲಿ.”

ಹಿಡಿದುಕೊಂಡದ್ದು ಎಡಗೈ. ಹೆಬ್ಬೆರಳನ್ನು ಒಳಕ್ಕೆ ಮಡಿಚಿಕೊಂಡಿದ್ದೆ.

ಹೋಳಿಗೆ ಅರ್ಧ ಎಲೆಯಲ್ಲೇ ಬಿಟ್ಟು ಎದ್ದೆ. ತುಪ್ಪ ಕಡಿಮೆಯಾಗಿತ್ತೇನೋ.

ಸೆಪ್ಟೆಂಬರ್ 24, ಬುಧವಾರ

ಮಾಲಾ ನಾನು ಕೊಟ್ಟ ಎರಡೂ ವಿಡಿಯೋಗಳನ್ನು, ನೀಲಿ ಮಾರಕ್ಕ ಮತ್ತು ಬಣ್ಣದ ಮಾರಕ್ಕ, ಅಕ್ಕಪಕ್ಕ ಇಟ್ಟು ಎಲ್ಲರಿಗೂ ಕಳಿಸಿದ್ದಾರೆ. ಅಶ್ವತ್ಥ ಅದನ್ನು ಸಂಘದ ಗುಂಪಿಗೆ ಹಾಕಿದ. “ನೋಡಿ, ಇದು ನಮ್ಮ ಅನಂತನ ಕಣ್ಣು. ನಾನು ಕೆಡಿಸಿದ್ದನ್ನ ಇವನು ಉಳಿಸಿದ.” ಇನ್ನೂರ ನಾಲ್ಕು ಕೈಮುಗಿತ. ಅವನ ದಾಖಲೆ ಮುರಿಯಿತು.

ಸಂಜೆ ಅಧ್ಯಕ್ಷ ವಿಜಯಕುಮಾರ ಫೋನ್ ಮಾಡಿದರು. ಅಕ್ಟೋಬರ್ ಐದಕ್ಕೆ ಯಶವಂತಪುರದಲ್ಲಿ ವಿಶೇಷ ಸಭೆ. ವಿಷಯ: ಹಳೆಯ ಟೇಪುಗಳಿಗೆ ಬಣ್ಣ ಹೊಂದಿಸುವ ಕಲೆ. ಭಾಷಣ ನನ್ನದು. “ಅಶ್ವತ್ಥ್ ಎಲ್ಲ ಹೇಳಿದ್ರು. ಆ ಪಂಚೆ ಹಳದಿ ಅಂತ ಹ್ಯಾಗೆ ಕಂಡುಹಿಡಿದ್ರಿ ಗುರುಗಳೇ? ಅದನ್ನೇ ಬಿಡಿಸಿ ಹೇಳಬೇಕು. ಶಾಲು ಅಶ್ವತ್ಥ್ ಅವರೇ ಹೊದಿಸ್ತಾರಂತೆ.”

ಪೇಟದ ಅಳತೆಯನ್ನೂ ಕೇಳಿದರು. ಬಯಸಿದ್ದೆಲ್ಲ ಒಂದೇ ಫೋನಿನಲ್ಲಿ ಬಂತು. ಡ್ರ್ಯಾಗನ್ ಫ್ರೂಟ್ ಬಗ್ಗೆ ಮಾತ್ರ ಕೇಳಲಿಲ್ಲ.

ಶಾಂತಲಾ ತಿರುಗಿ ನೋಡದೆ ಕೇಳಿದಳು, “ಏನಂತ ಹೇಳ್ತೀರಿ?”

“ಅನುಭವ ಅಂತ.”

“ಹ್ಞೂಂ.” ರವಿಕೆ ಬಟ್ಟೆ ಮಡಿಸುತ್ತಿದ್ದಳು. “ನಿಮ್ಮ ಎಡ ಹೆಬ್ಬೆರಳ ಉಗುರು ಸೀಳಿದ್ದು ಯಾವಾಗ್ರೀ? ನಮ್ಮ ಮದುವೆಗೆ ಮುಂಚೆನೇ ಅಲ್ವಾ?”

“ಲೈಟ್ ಸ್ಟ್ಯಾಂಡಿಗೆ ಸಿಕ್ಕಿ,” ಅಂದೆ.

“ಹ್ಞೂಂ,” ಅಂದಳು.

ಅಕ್ಟೋಬರ್ 4, ಶನಿವಾರ

ಭಾಷಣದ ಕರಡು.

ಸನ್ಮಾನ್ಯ ಅಧ್ಯಕ್ಷರಾದ ವಿಜಯಕುಮಾರ ಅವರೇ, ಗೆಳೆಯ ಅಶ್ವತ್ಥನೇ, ಕ್ಯಾಮೆರಾ ಬಂಧುಗಳೇ! ಬಣ್ಣ ಎಂದರೆ ಏನು? ಕಣ್ಣಿಗೂ ಬೆಳಕಿಗೂ ನಡುವಿನ ಒಂದು ಒಪ್ಪಂದ. ಹಳೆಯ ಟೇಪನ್ನು ಕ್ಯಾಪ್ಚರ್ ಮಾಡುವಾಗ ನಾವು ಮೊದಲು ನಂಬಬೇಕಾದದ್ದು ಬಿಳಿಯನ್ನು, ಮೊದಲು ಅನುಮಾನಿಸಬೇಕಾದದ್ದೂ ಬಿಳಿಯನ್ನೇ. (ಇಲ್ಲಿ ಚಪ್ಪಾಳೆಗೆ ಬಿಡುವು.) ಚಿಕ್ಕಮಾರಯ್ಯನವರ ಮಗಳ ಮದುವೆಯ ಟೇಪನ್ನು ನೋಡಿದ ಕೂಡಲೇ ನನ್ನ ಅನುಭವಕ್ಕೆ ಹೊಳೆದದ್ದು ಏನೆಂದರೆ, ಆ ಬಿಳಿ ಪಂಚೆ ವಾಸ್ತವದಲ್ಲಿ ಅರಿಶಿನದ್ದು. ಇದನ್ನು ನಾನು ಹೇಗೆ ಕಂಡುಹಿಡಿದೆ ಎಂದರೆ

ಕಂಡುಹಿಡಿಯಲಿಲ್ಲ.

ಆ ಪಂಚೆ ಹಿಡಿದವನು ನಾನು. ಚಪ್ಪರದ ಹಗ್ಗದ ಮೇಲೆ ಎರಡು ಪಂಚೆ ಇದ್ದವು, ಒಂದು ಬಿಳಿ, ಒಂದು ಅರಿಶಿನದ ನೀರಿನಲ್ಲಿ ಅದ್ದಿ ಹಾಕಿದ್ದು. ಅಶ್ವತ್ಥ ಕಿಂಡಿಗೆ ಕಣ್ಣಿಟ್ಟು “ಅನಂತ, ಬಿಳಿ ಹಿಡಿಯೋ” ಅಂದ. ಕೈ ಮೊದಲು ಬಿಳಿಯ ಕಡೆಗೇ ಹೋಯಿತು. ಆಮೇಲೆ ಪಕ್ಕಕ್ಕೆ ಸರಿಯಿತು. ಇನ್ನೂ ಹಸಿಯಿತ್ತು, ಬೆರಳಿಗೆ ಬಣ್ಣ ಹತ್ತಿತು. “ಸರಿ ಇದೆಯೇನೋ?” ಅಂದ. “ಅಚ್ಚ ಬಿಳಿ” ಅಂದೆ. ಕೈ ನಡುಗಲಿಲ್ಲ.

ದಡ್ಡತನ ಅಲ್ಲ ಶಾಂತಲಾ.

ಅಶ್ವತ್ಥ, ನೀನು ಮಾಡಿದ್ದೆಲ್ಲ ಸರಿಯಾಗಿತ್ತು.